ಕೊನೇ ಡಬ್ಬಿ ಬಂತೇ? ಒಂದು ಸಾಕೆಟ್ ತೊಂದರೆ ಮತ್ತು ಅದರ ಹಿಂದಿನ ಐವತ್ತು ವರ್ಷ

ಹೋದ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ದಾಟಿಹೋದ ಕೆಲವು ವಿಷಯಗಳನ್ನ ಇಲ್ಲಿ ನಿಧಾನವಾಗಿ ಬರೆದಿದ್ದೀನಿ. ವಿಡಿಯೋ ನೋಡದವರೂ ಓದಬಹುದು, ಕೋಡ್ ಬರೆಯದವರೂ ಓದಬಹುದು.

ಕತೆ ಶುರುವಾಗೋದು ಹೈದರಾಬಾದಿನ ಮಿಯಾಪುರದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕಮ್ಯುನಿಟಿ ಹಾಲಿನಲ್ಲಿ. ಅಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕ್ಲಾಸು ನಡೆಯುತ್ತೆ. ಕ್ಲಾಸು ಅಂದ್ರೆ ದೊಡ್ಡದೇನಲ್ಲ. ನಮ್ಮ ಥರ ಕೆಲಸಕ್ಕೆ ಬಂದು ಇಲ್ಲೇ ಉಳಿದವರ ಮಕ್ಕಳು, ಒಂದು ಬಿಳಿ ಬೋರ್ಡು, ಒಂದು ಟಿವಿ. ಮಕ್ಕಳಿಗೆ ಒಂದು ಆಟ ಮಾಡೋಣ ಅಂತ ಹೊರಟೆ. ಪ್ರತಿ ಮಗುವಿಗೂ ಒಂದು ನಂಬರ್; ಟಿವಿಯ ಬ್ರೌಸರ್‌ನಲ್ಲಿ ಆ ನಂಬರ್ ಹಾಕಿದ್ರೆ ಆ ಮಗುವಿನ ಅಪ್ಪ ಅಮ್ಮನ ಊರು ದೊಡ್ಡ ಅಕ್ಷರದಲ್ಲಿ ಬರಬೇಕು. ಮಗು ಅದನ್ನ ಓದಬೇಕು. ಅಷ್ಟೇ.

ಇದಕ್ಕೆ ಯಾವ ಫ್ರೇಮ್‌ವರ್ಕೂ ಬೇಡ, ಎಂಟೆಕ್ ಓದುವಾಗ ಲ್ಯಾಬಿನಲ್ಲಿ ಬರೆದ ಪುಟ್ಟ ವೆಬ್ ಸರ್ವರ್ ಇದೆಯಲ್ಲ, ಅದನ್ನೇ ಧೂಳು ಕೊಡವಿ ಓಡಿಸೋಣ, ಚಾನೆಲ್‌ಗೂ ಒಂದು ವಿಷಯ ಸಿಕ್ಕಹಾಗಾಯ್ತು ಅಂದುಕೊಂಡೆ. ಪೈಥಾನ್‌ನಲ್ಲಿ ಸಾಕೆಟ್ ತೆರೆದು ಬರೆದ ಎಂಬತ್ತು ಸಾಲಿನ ಪ್ರೋಗ್ರಾಂ. ಮನೇಲಿ ಇಂಗ್ಲಿಷ್ ಹೆಸರು ಹಾಕಿ ಪರೀಕ್ಷೆ ಮಾಡಿದೆ, ಎಲ್ಲ ಸರಿ ಇತ್ತು. ಶನಿವಾರ ರಾತ್ರಿ ಊರುಗಳನ್ನೆಲ್ಲ ಕನ್ನಡದಲ್ಲಿ ತುಂಬಿ ಮಲಗಿದೆ.

ಭಾನುವಾರ ಮೊದಲನೇ ಹುಡುಗಿ ನಂಬರ್ ಒತ್ತಿದಳು. ಅವಳ ಊರು ಮೈಸೂರು. ಟಿವಿ ಮೇಲೆ ಬಂದದ್ದು "ಮೈ". ಎರಡನೆಯವನದು ಕಾರವಾರ. ಬಂದದ್ದು "ಕಾ". ಹಾಲಿಗೆ ಹಾಲೇ ನಕ್ಕಿತು, ಆ ಹುಡುಗ ಕಾಗೆ ಥರ ಕೂಗೋಕೆ ಶುರುಮಾಡಿದ. ಮೂರನೆಯದು ನಮ್ಮದೇ ಊರು, ರಾಯಚೂರು. ಬಂದದ್ದು "ರಾ", ಪಕ್ಕದಲ್ಲಿ ಕಪ್ಪು ವಜ್ರದೊಳಗೆ ಒಂದು ಪ್ರಶ್ನೆಚಿಹ್ನೆ. ಬೀದರ್ ಬರೀ "ಬ" ಆಗಿತ್ತು, ಅದಕ್ಕೂ ಅದೇ ವಜ್ರ.

ಒಬ್ಬ ತಂದೆ ಪಾಪ ನನ್ನ ಮುಖ ನೋಡಲಾರದೆ ಹೇಳಿದ್ರು, "ಸರ್, ಇವತ್ತಿಗೆ ಇಂಗ್ಲಿಷಲ್ಲೇ ಹಾಕಿಬಿಡಿ. ಅದು ವರ್ಕ್ ಆಗ್ತಿತ್ತಲ್ವಾ?"

ವರ್ಕ್ ಆಗ್ತಿತ್ತು, ನಿಜ. ಆದರೆ ಆ ಮಾತು ನನಗೆ ಚುಚ್ಚಿತು. ಕಾರಣ ಹೇಳಿಬಿಡ್ತೀನಿ. ನನ್ನ ಮೊದಲನೇ ಕೆಲಸದಲ್ಲಿ ಇಂಥದೇ ಒಂದು ದೂರು ಬಂದಿತ್ತು. ಭಾರತೀಯ ಭಾಷೆಯಲ್ಲಿ ವಿಳಾಸ ತುಂಬಿದ್ರೆ ಅರ್ಧ ಮಾತ್ರ ಉಳಿಯುತ್ತೆ ಅಂತ. ನಾನು ಎರಡು ದಿನ ನೋಡಿದೆ, ಗೊತ್ತಾಗಲಿಲ್ಲ. "ಗ್ರಾಹಕರು ಇಂಗ್ಲಿಷಿನಲ್ಲಿ ತುಂಬಲಿ" ಅಂತ ಬರೆದು ಟಿಕೆಟ್ ಮುಚ್ಚಿದೆ. ಯಾರೂ ಆಕ್ಷೇಪ ಮಾಡಲಿಲ್ಲ. ಆ ತಿಂಗಳು ಅತಿ ಹೆಚ್ಚು ಟಿಕೆಟ್ ಮುಚ್ಚಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಈಗ ಅದೇ ರೋಗ ನಮ್ಮ ಹಾಲಿಗೇ ಬಂದು ನನ್ನ ಊರಿನ ಹೆಸರನ್ನೇ ಕತ್ತರಿಸಿದಾಗ ಇಂಗ್ಲಿಷಿಗೆ ಬದಲಾಯಿಸೋಕೆ ಕೈ ಬರಲಿಲ್ಲ.

ಕ್ಲಾಸಿಗೆ ಅವತ್ತು ನಮ್ಮ ಮಾಮ ಕೂಡ ಬಂದಿದ್ರು. ನನ್ನ ತಾಯಿಯ ತಮ್ಮ, ರೈಲ್ವೆಯಲ್ಲಿ ಇದ್ದವರು, ಬೀದರ್ ಕಡೆ ಒಂದೇ ಹಳಿಯ ಸಣ್ಣ ಸ್ಟೇಷನ್ನುಗಳಲ್ಲಿ ಬಹಳ ವರ್ಷ ಕೆಲಸ ಮಾಡಿ ರಿಟೈರ್ ಆದವರು. ಕಣ್ಣು ತೋರಿಸೋಕೆ ಅಂತ ರಾಯಚೂರಿನಿಂದ ಬಂದು ನಮ್ಮನೇಲಿ ಇದ್ದರು. ಟಿವಿ ಮೇಲಿನ "ರಾ" ನೋಡಿ ಮಾಮ ಅಂದ್ರು, "ಏನಪಾ ಅಳಿಯಾ, ಎಂಜಿನ್ ಬಂತು, ಹಿಂದಿನ ಡಬ್ಬಿ ಬರ್ಲೇ ಇಲ್ಲಲ್ಲ. ಎಲ್‌ವಿ ನೋಡದ ಲೈನ್ ಕ್ಲಿಯರ್ ಕೊಟ್ಟಾನ ಯಾವನೋ."

ನಾನೂ ಆಗ ನಕ್ಕೆ. ಆದರೆ ಮಾಮ ಹೇಳಿದ ಆ ಒಂದು ಮಾತಿನಲ್ಲಿ ಇಡೀ ರೋಗನಿದಾನ ಇತ್ತು. ಅದು ಗೊತ್ತಾಗೋಕೆ ನನಗೆ ರಾತ್ರಿ ಹತ್ತಾಯ್ತು.

ಮೊದಲು ಎಲ್‌ವಿ ಅಂದ್ರೇನು ಹೇಳ್ತೀನಿ. ರೈಲು ಹೋದಮೇಲೆ ಅದರ ಬೆನ್ನು ನೋಡಿದ್ದೀರಲ್ಲ, ಕೊನೇ ಡಬ್ಬಿಯ ಹಿಂದೆ ಎಲ್ ಮತ್ತು ವಿ ಅಂತ ಎರಡು ಇಂಗ್ಲಿಷ್ ಅಕ್ಷರದ ಸಣ್ಣ ಬೋರ್ಡ್ ನೇತಾಡ್ತಿರುತ್ತೆ. ಲಾಸ್ಟ್ ವೆಹಿಕಲ್, ಕೊನೇ ವಾಹನ. ರಾತ್ರಿ ಆದ್ರೆ ಕೆಂಪು ದೀಪ. ಸ್ಟೇಷನ್ನಿನ ಸಿಬ್ಬಂದಿ ಗಾಡಿ ಬಂದಾಗ ಎಂಜಿನ್ ನೋಡಿ ಸಮಾಧಾನ ಪಡಬಾರದು, ಆ ಬೋರ್ಡನ್ನೇ ನೋಡಬೇಕು. ಯಾಕಂದ್ರೆ ದಾರಿಯಲ್ಲಿ ಕೊಂಡಿ ಕಳಚಿ ಹಿಂದಿನ ಡಬ್ಬಿಗಳು ಹಳಿ ಮೇಲೆ ನಿಂತಿರಬಹುದು. ಬೋರ್ಡ್ ಕಂಡರೆ ಮಾತ್ರ ಗಾಡಿ ಪೂರ್ತಿ ಬಂತು ಅಂತ ಲೆಕ್ಕ. ಆಮೇಲೇ ಹಿಂದಿನ ಸ್ಟೇಷನ್ನಿಗೆ ಗಂಟೆ ಹೊಡೆದು ಹಳಿ ಖಾಲಿ ಅಂತ ತಿಳಿಸೋದು.

ಒಂದೇ ಹಳಿ ಇರೋ ಕಡೆ ಗಾಡಿ ಬಿಡೋದೂ ಒಂದು ಶಾಸ್ತ್ರ. ಈಕಡೆ ಸ್ಟೇಷನ್ ಮಾಸ್ತರು ಗಂಟೆ ಹೊಡೆದು ಕೇಳ್ತಾರೆ, ಆಕಡೆಯವರು ಗಂಟೆಯಲ್ಲೇ ಒಪ್ಪಿಗೆ ಕೊಟ್ಟು ತಮ್ಮ ಯಂತ್ರ ಹಿಡಿದಿರ್ತಾರೆ, ಆಗ ಈಕಡೆಯ ಯಂತ್ರದಿಂದ ಒಂದು ಉಕ್ಕಿನ ಗುಂಡು ಈಚೆ ಬೀಳುತ್ತೆ. ನೀಲ್ಸ್ ಬಾಲ್ ಟೋಕನ್ ಅಂತಾರೆ. ಆ ಗುಂಡನ್ನ ಚೀಲದಲ್ಲಿಟ್ಟು, ಬಳೆಯಂಥ ದೊಡ್ಡ ರಿಂಗಿಗೆ ಸಿಕ್ಕಿಸಿ ಡ್ರೈವರ್ ಕೈಗೆ ಕೊಡ್ತಾರೆ. ಗುಂಡು ಕೈಯಲ್ಲಿ ಇಲ್ಲದೆ ಗಾಡಿ ಹೊರಡುವಂತಿಲ್ಲ, ಅದು ಆಕಡೆಯ ಯಂತ್ರಕ್ಕೆ ಸೇರುವವರೆಗೆ ಇನ್ನೊಂದು ಗುಂಡು ಈಚೆ ಬರೋದಿಲ್ಲ. ಕೇಳು, ಒಪ್ಪು, ಹೊರಡು. ಟಿಸಿಪಿಯಲ್ಲಿ ನಾವು ಮೂರು ಹೆಜ್ಜೆಯ ಹ್ಯಾಂಡ್‌ಶೇಕ್ ಅಂತ ಓದ್ತೀವಲ್ಲ, ಅದರ ಹತ್ತಿರದ ಸಂಬಂಧಿ ಇದು.

ಆದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತೆ. ಟಿಸಿಪಿಯಲ್ಲಿ ಲೈನ್ ಕ್ಲಿಯರ್ ಉಂಟು, ಎಲ್‌ವಿ ಬೋರ್ಡ್ ಇಲ್ಲ. ಸಾಕೆಟ್ ತೊಂದರೆ ಹುಡುಕುತ್ತಾ ರಾತ್ರಿ ಎದ್ದಿರುವ ನಮ್ಮಂಥವರಲ್ಲಿ ಬಹಳ ಜನ ಈ ಒಂದು ಕೊರತೆಯನ್ನೇ ಬೇರೆ ಬೇರೆ ಹೆಸರಿನಿಂದ ಬೈಯುತ್ತಿರ್ತಾರೆ.

ಇದು ಹೀಗೇಕೆ ಆಯ್ತು ಅಂತ ನೋಡೋಕೆ 1974ಕ್ಕೆ ಹೋಗಬೇಕು. ಆ ವರ್ಷ ಮೇ ತಿಂಗಳಲ್ಲಿ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಒಂದು ಪ್ರಬಂಧ ಪ್ರಕಟಿಸಿದರು. ಅವರ ಮುಂದಿದ್ದ ಸಮಸ್ಯೆ ನಮ್ಮ ನಿಜಾಮ ಸೀಮೆಯವರಿಗೆ ಹೊಸದಲ್ಲ. 1871ರಲ್ಲಿ ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ರೈಲ್ವೆ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಂತು. ಇವೆಲ್ಲ ಬ್ರಾಡ್ ಗೇಜ್, ಹಾಗಾಗಿ ಡಬ್ಬಿ ಒಂದರಿಂದ ಇನ್ನೊಂದಕ್ಕೆ ಹರಿದುಹೋಗಬಹುದಿತ್ತು. ಆಮೇಲೆ ಮನ್ಮಾಡ್ ಕಡೆಗೆ ಹಾಕಿದ್ದು ಮೀಟರ್ ಗೇಜ್. ಅಲ್ಲಿಗೆ ಸರಕು ಕಳಿಸಬೇಕಾದ್ರೆ ಇಳಿಸಿ, ಹೊತ್ತು, ಮತ್ತೆ ತುಂಬಬೇಕು. ಸರ್ಫ್ ಮತ್ತು ಕಾನ್ ಎದುರಿಗಿದ್ದದ್ದೂ ಬೇರೆ ಬೇರೆ ಗೇಜಿನ ಜಾಲಗಳೇ: ಒಂದು ತಂತಿಯದು, ಒಂದು ರೇಡಿಯೋದು, ಒಂದು ಉಪಗ್ರಹದ್ದು. ಒಂದೊಂದರ ಪ್ಯಾಕೆಟ್ ಗಾತ್ರವೂ ಬೇರೆ. ದಾರಿಯಲ್ಲಿ ಸರಕನ್ನ ತುಂಡು ಮಾಡಲೇಬೇಕು, ಹಾಗಾಗಿ ಯಾವ ತುಂಡು ಎಲ್ಲಿ ಮುಗಿಯಿತು ಅನ್ನೋದಕ್ಕೆ ಅರ್ಥ ಕೊಡೋದು ಬೇಡ, ಎರಡು ತುದಿಯ ನಡುವೆ ಬೈಟುಗಳ ಒಂದು ಸಾಲು ಕ್ರಮ ತಪ್ಪದೆ ಹರಿದರೆ ಸಾಕು ಅನ್ನೋ ಕಡೆಗೆ ವಿನ್ಯಾಸ ಸಾಗಿತು. 1981ರ ಸೆಪ್ಟೆಂಬರ್‌ನಲ್ಲಿ ಜಾನ್ ಪೋಸ್ಟೆಲ್ ಸಂಪಾದಿಸಿದ ಆರ್‌ಎಫ್‌ಸಿ 793ರಲ್ಲಿ ಅದು ಗಟ್ಟಿಯಾಯಿತು. 1983ರ ಜನವರಿ 1ರಂದು ಅರ್ಪಾನೆಟ್ ಪೂರ್ತಿ ಟಿಸಿಪಿಗೆ ಬದಲಾಯಿತು. ಅಂದರೆ ಟಿಸಿಪಿ ನಲ್ಲಿಯ ನೀರಿದ್ದ ಹಾಗೆ. ನೀವು ಈಕಡೆ ಮೂರು ಕೊಡ ಸುರಿದ್ರೆ ಆಕಡೆ ಮೂರು ಕೊಡದ ನೀರು ಖಂಡಿತ ಬರುತ್ತೆ, ಒಂದು ಹನಿಯೂ ಹೋಗಲ್ಲ. ಆದರೆ ಯಾವ ಹನಿಗೆ ಮೊದಲನೇ ಕೊಡ ಮುಗಿಯಿತು ಅಂತ ನೀರು ಹೇಳೋದಿಲ್ಲ.

ಅದೇ ವರ್ಷ, 1983ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ 4.2ಬಿಎಸ್‌ಡಿ ಯುನಿಕ್ಸ್ ಹೊರಬಂತು. ನಾವು ಇವತ್ತಿಗೂ ಬರೆಯುವ ಸಾಕೆಟ್, ಬೈಂಡ್, ಲಿಸನ್, ಅಕ್ಸೆಪ್ಟ್, ಕನೆಕ್ಟ್ ಎಲ್ಲ ಅದರ ಮೂಲಕವೇ ಜಗತ್ತಿಗೆ ಹರಡಿದ್ದು. ಸಾಕೆಟ್ ಅನ್ನೋ ಪದ ಅದಕ್ಕೂ ಹಳೇದು, ಅರ್ಪಾನೆಟ್‌ನ ಆರಂಭದ ಟಿಪ್ಪಣಿಗಳಲ್ಲೇ ಇದೆ. ಬರ್ಕ್ಲಿಯವರು ಮಾಡಿದ ದೊಡ್ಡ ಉಪಕಾರ ಏನಂದ್ರೆ, ಸಾಕೆಟ್ಟನ್ನ ಫೈಲ್ ಥರ ಓದಿ ಬರೆಯೋ ಹಾಗೆ ಮಾಡಿದ್ದು. ಅವರು ಮಾಡಿದ ಅಪಕಾರವೂ ಅದೇ ಅಂತ ನನ್ನ ಅಭಿಪ್ರಾಯ. ಫೈಲ್ ಓದುವಾಗ ಕೊನೆ ತಾನಾಗೇ ಗೊತ್ತಾಗುತ್ತೆ. ಸಾಕೆಟ್‌ನಲ್ಲಿ ಹಾಗೆ ಕೊನೆ ಗೊತ್ತಾಗೋದು ಆಕಡೆಯವರು ಸಂಪರ್ಕವನ್ನೇ ಮುಚ್ಚಿದಾಗ. ಅವರು ಮುಚ್ಚದೆ ನಿಮ್ಮ ಉತ್ತರಕ್ಕೆ ಕಾಯ್ತಿದ್ರೆ, ನೀವು ಇನ್ನೂ ಏನೋ ಬರುತ್ತೆ ಅಂತ ಕಾಯ್ತಿದ್ರೆ, ಇಬ್ಬರೂ ಕೂತೇ ಇರ್ತೀರಿ. ಸ್ಕ್ರೀನ್ ಮೇಲೆ ಚಕ್ರ ತಿರುಗುತ್ತಿರುತ್ತೆ. ಎರರ್ ಇಲ್ಲ, ಏನೂ ಇಲ್ಲ.

ಈ ಮೋಸ ಲ್ಯಾಬಿನಲ್ಲಿ ಕಾಣೋದಿಲ್ಲ. ಕ್ಲೈಂಟೂ ಸರ್ವರೂ ಒಂದೇ ಲ್ಯಾಪ್‌ಟಾಪಿನಲ್ಲಿದ್ದಾಗ ಒಂದು ಸಲ ಕಳಿಸಿದ್ದು ಸಾಮಾನ್ಯವಾಗಿ ಒಂದೇ ಸಲಕ್ಕೆ ಬಂದುಬಿಡುತ್ತೆ. ಈಥರ್ನೆಟ್ ಮೇಲೆ ಹೋದಾಗ ಒಂದು ಪ್ಯಾಕೆಟ್‌ಗೆ ಸುಮಾರು 1,460 ಬೈಟ್ ಮಾತ್ರ ಹಿಡಿಯೋದು, ಉಳಿದದ್ದು ಮುಂದಿನದರಲ್ಲಿ. ನನ್ನ ಎಂಟೆಕ್ ಲ್ಯಾಬಿನಲ್ಲಿ ಪೂರ್ತಿ ಅಂಕ ಪಡೆದ ಪ್ರೋಗ್ರಾಮುಗಳಲ್ಲಿ ಎಷ್ಟೋ ಈ ಒಂದೇ ಕಾರಣಕ್ಕೆ ಹೊರಗಿನ ಜಾಲದಲ್ಲಿ ಸತ್ತುಹೋಗ್ತಿದ್ವು. ಒಂದೇ ಓದಿಗೆ ಎಲ್ಲ ಬಂತು ಅಂತ ನಂಬಬೇಡ, ಸುತ್ತು ಹಾಕಿ ಓದು ಅಂತ ನನಗೆ ಮನದಟ್ಟು ಮಾಡಿದ್ದು ಡಬ್ಲ್ಯು. ರಿಚರ್ಡ್ ಸ್ಟೀವನ್ಸ್ ಅವರ ಯುನಿಕ್ಸ್ ನೆಟ್‌ವರ್ಕ್ ಪ್ರೋಗ್ರಾಮಿಂಗ್. 1990ರ ಪುಸ್ತಕ; ನನಗೆ ಸಿಕ್ಕಿದ್ದು ಎರಡನೇ ಆವೃತ್ತಿ, ಅಬಿಡ್ಸ್‌ನ ಭಾನುವಾರದ ಫುಟ್‌ಪಾತಿನಲ್ಲಿ, ಮೊದಲ ನಾಲ್ಕು ಪುಟ ಇಲ್ಲದ್ದು. ಸ್ಟೀವನ್ಸ್ ಹುಟ್ಟಿದ್ದು ಈಗಿನ ಜಾಂಬಿಯಾದಲ್ಲಿ, 1951ರಲ್ಲಿ. 1999ರಲ್ಲಿ ತೀರಿಕೊಂಡರು, ಐವತ್ತೂ ತುಂಬಿರಲಿಲ್ಲ.

ಇದೆಲ್ಲ ನಮ್ಮ ಕಡೆಗೆ ಯಾವಾಗ ಬಂತು? 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಯುಎನ್‌ಡಿಪಿ ನೆರವಿನಿಂದ ಅರ್ನೆಟ್ ಶುರುಮಾಡಿತು. ಎಂಟು ಸಂಸ್ಥೆಗಳು: ಐದು ಐಐಟಿ, ನಮ್ಮ ಬೆಂಗಳೂರಿನ ಐಐಎಸ್‌ಸಿ, ಮುಂಬಯಿಯ ಎನ್‌ಸಿಎಸ್‌ಟಿ, ಮತ್ತೆ ಇಲಾಖೆಯೇ ಒಂದು. ಹೈದರಾಬಾದ್ ಆ ಎಂಟರಲ್ಲಿ ಇರಲಿಲ್ಲ. ಹೊರಜಗತ್ತಿಗೆ ಎನ್‌ಸಿಎಸ್‌ಟಿಯಿಂದ ಅಮೆರಿಕದ ಯುಯುನೆಟ್‌ಗೆ 1989ರಲ್ಲಿ ಹಾಕಿದ ತಂತಿಯ ವೇಗ ಸೆಕೆಂಡಿಗೆ 9,600 ಬಿಟ್. ಅಂದ್ರೆ ಹೆಚ್ಚೂಕಡಿಮೆ 1,200 ಬೈಟ್. ಈ ಲೇಖನದ ಕನ್ನಡ ಪಠ್ಯವನ್ನ ಆ ತಂತಿಯಲ್ಲಿ ಕಳಿಸಿದ್ರೆ, ಬೇರೆ ಯಾರೂ ಬಳಸದೇ ಇದ್ದರೂ, ಅರ್ಧ ನಿಮಿಷದಲ್ಲಿ ಮುಗಿಯೋದಿಲ್ಲ. ಅರ್ನೆಟ್‌ನಲ್ಲಿ ಮೊದಲು ಟಿಸಿಪಿ ಜೊತೆ ಓಎಸ್‌ಐ ಅನ್ನೋ ಇನ್ನೊಂದು ಪದ್ಧತಿಯೂ ಓಡುತ್ತಿತ್ತು. 1995ರ ಹೊತ್ತಿಗೆ ಸಂಚಾರ ಬಹುಪಾಲು ಟಿಸಿಪಿಯದೇ ಆಗಿತ್ತು. ಅದೇ ವರ್ಷ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು.

ಹೈದರಾಬಾದಿನ ಪಾಲು ಬೇರೆ ಕಡೆಯಿಂದ ಬಂತು, ಅದೂ ರೈಲಿನ ಕಡೆಯಿಂದಲೇ. ರೈಲ್ವೆಯ ಕ್ರಿಸ್ ಸಂಸ್ಥೆ ಕಾನ್ಸರ್ಟ್ ಅನ್ನೋ ಹೊಸ ರಿಸರ್ವೇಶನ್ ವ್ಯವಸ್ಥೆಯನ್ನ ಮೊದಲು ಜಾರಿಗೆ ತಂದದ್ದು ಸಿಕಂದರಾಬಾದಿನಲ್ಲಿ, 1994ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮುಂಚೆ ದೆಹಲಿಯ ಕಂಪ್ಯೂಟರಿಗೆ ದೆಹಲಿಯ ಸೀಟು, ಸಿಕಂದರಾಬಾದಿನದಕ್ಕೆ ಸಿಕಂದರಾಬಾದಿನ ಸೀಟು. 1999ರ ಏಪ್ರಿಲ್ ಹೊತ್ತಿಗೆ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಐದೂ ಒಂದಕ್ಕೊಂದು ಜೋಡಿಸಿಕೊಂಡವು. ನಮ್ಮ ಪ್ರಶ್ನೆ ಅಲ್ಲಿ ಎಷ್ಟು ತೀಕ್ಷ್ಣ ಅಂತ ಯೋಚಿಸಿ. ಕೌಂಟರಿನ ಯಂತ್ರ ದೂರದ ಊರಿನ ಸರ್ವರಿಗೆ ಒಂದು ಬರ್ತ್ ಕೇಳಿತು, ಅಲ್ಲಿ ಬರ್ತ್ ಬರೆದಾಯಿತು, ಉತ್ತರ ಬರುವಾಗ ತಂತಿ ಕಡಿಯಿತು. ಕೌಂಟರಿನವರಿಗೆ ಟಿಕೆಟ್ ಇಲ್ಲ, ಸರ್ವರಿಗೆ ಬರ್ತ್ ಖಾಲಿ ಇಲ್ಲ. ಉತ್ತರ ಪೂರ್ತಿ ಬಂತೋ ಇಲ್ಲವೋ ಅನ್ನೋದನ್ನ ತಂತಿ ನೋಡಿಕೊಳ್ಳೋದಿಲ್ಲ, ಅದರ ಮೇಲೆ ಕೂತ ಪ್ರೋಗ್ರಾಂ ನೋಡಿಕೊಳ್ಳಬೇಕು. ಯುಗಾದಿಗೆ ಊರಿಗೆ ಹೋಗೋಕೆ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಸಾಲು ನಿಂತವರು ಈ ಶ್ರಮವನ್ನ ನೋಡಲಿಲ್ಲ. ನೋಡುವಂತಾಗಲಿಲ್ಲ ಅನ್ನೋದೇ ಅದನ್ನ ಕಟ್ಟಿದವರ ಹೆಚ್ಚುಗಾರಿಕೆ.

ಇನ್ನು ವೆಬ್. 1991ರಲ್ಲಿ ಜಿನೀವಾ ಹತ್ತಿರದ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಬರೆದ ಮೊದಲ ಎಚ್‌ಟಿಟಿಪಿ ನೋಡಿದ್ರೆ ನಗು ಬರುತ್ತೆ, ಅಷ್ಟು ಸರಳ. ಕ್ಲೈಂಟ್ ಒಂದು ಸಾಲು ಕಳಿಸೋದು: ಗೆಟ್, ಪುಟದ ಹೆಸರು, ಸಾಲಿನ ಕೊನೆ. ಸರ್ವರ್ ಪುಟ ಸುರಿದು ಸಂಪರ್ಕ ಮುಚ್ಚೋದು. ಮುಚ್ಚಿದ್ದೇ ಮುಕ್ತಾಯ. ಆ ಸಾಲಿನ ಕೊನೆಗೂ ಒಂದು ಪುಟ್ಟ ಇತಿಹಾಸ ಇದೆ. ಟೆಲಿಪ್ರಿಂಟರ್ ಯಂತ್ರದಲ್ಲಿ ಅಚ್ಚಿನ ತಲೆಯನ್ನ ಎಡಕ್ಕೆ ಎಳೆಯೋದು ಒಂದು ಸಂಕೇತ, ಕಾಗದವನ್ನ ಒಂದು ಸಾಲು ಮೇಲೆ ತಳ್ಳೋದು ಇನ್ನೊಂದು. ಯಂತ್ರಗಳು ಗುಜರಿಗೆ ಹೋದವು, ಆ ಎರಡು ಬೈಟ್ ಎಚ್‌ಟಿಟಿಪಿಯ ಹೆಡರ್ ಸಾಲುಗಳ ಕೊನೆಯಲ್ಲಿ ಉಳಿದುಕೊಂಡವು. ಹೆಡರ್ ಮುಗಿದಮೇಲೆ ಒಂದು ಖಾಲಿ ಸಾಲು ಬೇಕು. ಆ ಖಾಲಿ ಸಾಲು ಕಳಿಸೋದು ಮರೆತರೆ ಆಕಡೆಯವರು ಹೆಡರ್ ಇನ್ನೂ ಮುಗಿದಿಲ್ಲ ಅಂತ ಕಾಯ್ತಾರೆ. ಹೊಸಬರ ಮೊದಲ ಪೆಟ್ಟು ಇಲ್ಲೇ ಬೀಳೋದು.

ಮುಚ್ಚಿದ್ದೇ ಮುಕ್ತಾಯ ಅನ್ನೋದರಲ್ಲಿ ತೊಂದರೆ ಏನು ಅಂತ ಮಾಮನಂಥವರಿಗೆ ವಿವರಿಸಬೇಕಾಗಿಲ್ಲ. ಗಾಡಿ ಪೂರ್ತಿ ಬಂದು ನಿಂತಿದ್ದಕ್ಕೂ, ಸರ್ವರ್ ನಡುವೆ ಸತ್ತು ಅರ್ಧ ಗಾಡಿ ಬಂದಿದ್ದಕ್ಕೂ ಹೊರಗಿನಿಂದ ವ್ಯತ್ಯಾಸ ತಿಳಿಯೋದು ಕಷ್ಟ. ಹಾಗಾಗಿ 1996ರ ಮೇ ತಿಂಗಳ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ಕಂಟೆಂಟ್-ಲೆಂಗ್ತ್ ಅನ್ನೋ ಹೆಡರ್ ಇದೆ: ಹಿಂದೆ ಇಷ್ಟು ಬೈಟ್ ಬರ್ತಿದೆ ಅಂತ ಎಂಜಿನ್ನಿನ ಮೇಲೇ ಬರೆಯೋದು. 1997ರ ಜನವರಿಯ 1.1ರಲ್ಲಿ ಒಂದೇ ಸಂಪರ್ಕದಲ್ಲಿ ಹಲವು ಪುಟ ಕಳಿಸುವ ಪದ್ಧತಿಯೇ ರೂಢಿಯಾದ್ದರಿಂದ ಮುಚ್ಚಿ ಮುಗಿಸುವ ಉಪಾಯ ಸಾಲದಾಯಿತು. ಉದ್ದ ಮೊದಲೇ ಗೊತ್ತಿಲ್ಲದಿದ್ದರೆ ತುಂಡು ತುಂಡಾಗಿ ಕಳಿಸಿ, ಪ್ರತಿ ತುಂಡಿಗೂ ಉದ್ದ ಬರೆದು, ಕೊನೆಗೆ ಸೊನ್ನೆ ಉದ್ದದ ಒಂದು ತುಂಡು ಕಳಿಸಬಹುದು. ಆ ಸೊನ್ನೆ ಅಪ್ಪಟ ಎಲ್‌ವಿ ಬೋರ್ಡು.

ನನ್ನ ಎಂಬತ್ತು ಸಾಲಿನಲ್ಲಿ ಬಳಸಿದ್ದು ಕಂಟೆಂಟ್-ಲೆಂಗ್ತ್. ಭಾನುವಾರ ರಾತ್ರಿ ಊಟ ಆದಮೇಲೆ ಕೂತೆ. ಅಭ್ಯಾಸದಂತೆ ಕೆಳಗಿನಿಂದ ಶುರು. ಸರ್ವರ್ ಬದುಕಿದೆಯೇ, ಸರಿಯಾದ ಪೋರ್ಟಿನಲ್ಲಿ ಕೇಳುತ್ತಿದೆಯೇ, 127.0.0.1ಕ್ಕೆ ಮಾತ್ರ ಕಟ್ಟಿಕೊಂಡು ಟಿವಿಗೆ ಕಾಣದೆ ಕೂತಿದೆಯೇ? ಅವೆಲ್ಲ ಸರಿ, ಇಲ್ಲದಿದ್ರೆ "ಮೈ" ಕೂಡ ಬರ್ತಿರಲಿಲ್ಲ. ಆಮೇಲೆ ಟಿಸಿಪಿಡಂಪ್ ಹಾಕಿ ತಂತಿಯನ್ನೇ ನೋಡಿದೆ. ಇಲ್ಲಿ ಆಶ್ಚರ್ಯ: ಮೈಸೂರು ಪೂರ್ತಿ ಹೋಗ್ತಿತ್ತು. ಒಂದು ಬೈಟೂ ಕಳೆದಿರಲಿಲ್ಲ. ಎಲ್ಲ ಡಬ್ಬಿಗಳೂ ಸ್ಟೇಷನ್ನಿಗೆ ಬರ್ತಿದ್ವು, ಬ್ರೌಸರ್ ಮಾತ್ರ ನಡುವೆ ಬಾಗಿಲು ಹಾಕಿಕೊಳ್ತಿತ್ತು.

ಕಾಗದದ ಮೇಲೆ ಬರೆದು ಲೆಕ್ಕ ಹಾಕಿದೆ. ಮೈಸೂರು: ಮ, ಐತ್ವ, ಸ, ಊತ್ವ, ರ, ಉತ್ವ, ಆರು ಸಂಕೇತ. ಉಳಿದದ್ದು ಎರಡು. ಕಾರವಾರ ಆರು, ಉಳಿದದ್ದು ಎರಡು. ಹೈದರಾಬಾದ್ ಒಂಬತ್ತು, ಉಳಿದದ್ದು ಮೂರು, "ಹೈದ". ರಾಯಚೂರು ಏಳು, ಉಳಿದದ್ದು ಎರಡು ಮತ್ತು ಒಂದು ವಜ್ರ. ಬೀದರ್ ಐದು, ಉಳಿದದ್ದು ಒಂದು ಮತ್ತು ಒಂದು ವಜ್ರ. ಮೂರರಿಂದ ಭಾಗ ಹೋಗೋ ಊರುಗಳು ನೀಟಾಗಿ ಕತ್ತರಿಸಿಕೊಂಡಿವೆ, ಹೋಗದವಕ್ಕೆ ವಜ್ರ ಅಂಟಿದೆ! ಆ ಮೂರು ಕಂಡಾಕ್ಷಣ ಎದ್ದು ನಿಂತೆ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ನನ್ನ ಸರ್ವರ್ ರಾಯಚೂರಿಗೆ ಕಂಟೆಂಟ್-ಲೆಂಗ್ತ್ 7 ಅಂತ ಬರೆದು 21 ಬೈಟ್ ಕಳಿಸ್ತಿತ್ತು. ಬ್ರೌಸರ್ ಏಳು ಬೈಟ್ ಎಣಿಸಿ ಮುಗಿಯಿತು ಅಂದುಕೊಂಡಿತು. ಅದರದೇನೂ ತಪ್ಪಿಲ್ಲ. ತಮಾಷೆ ಅಂದ್ರೆ ಇಂಗ್ಲಿಷ್ ಸ್ಪೆಲ್ಲಿಂಗಿನ ರಾಯಚೂರಿಗೂ ಏಳೇ ಅಕ್ಷರ, ಅಲ್ಲಿ ಏಳೇ ಬೈಟ್. ಅದಕ್ಕೇ ಮನೆಯ ಪರೀಕ್ಷೆಯಲ್ಲಿ ಎಲ್ಲ ಸರಿ ಕಂಡಿದ್ದು.

ಈ ಮೂರು ಎಲ್ಲಿಂದ ಬಂತು? 1991ರಲ್ಲಿ ಎರಡು ಘಟನೆ ನಡೆದವು. ಭಾರತೀಯ ಮಾನಕ ಸಂಸ್ಥೆ ಇಸ್ಕಿ ಅನ್ನೋ ಸಂಕೇತ ಪದ್ಧತಿಯನ್ನ ಐಎಸ್ 13194 ಅಂತ ಪ್ರಕಟಿಸಿತು. ಅದರಲ್ಲಿ ಭಾರತೀಯ ಅಕ್ಷರಕ್ಕೆ ಒಂದು ಬೈಟ್. ಅದೇ ವರ್ಷ ಯುನಿಕೋಡ್‌ನ ಮೊದಲ ಆವೃತ್ತಿ ಬಂತು. ಅದರಲ್ಲಿ ಕನ್ನಡದ ವಿಭಾಗವನ್ನ ಇಸ್ಕಿಯ 1988ರ ಕ್ರಮ ಅನುಸರಿಸಿ ಜೋಡಿಸಿದ್ದರು. ಆದರೆ ಯುನಿಕೋಡ್ ಕೊಟ್ಟಿದ್ದು ಸಂಖ್ಯೆ, ಆ ಸಂಖ್ಯೆಯನ್ನ ಬೈಟುಗಳಾಗಿ ಹೇಗೆ ಕಳಿಸೋದು ಅನ್ನೋದು ಬೇರೆ ಪ್ರಶ್ನೆ. 1992ರ ಸೆಪ್ಟೆಂಬರ್‌ನಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಜೊತೆ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ತಟ್ಟೆ ಕೆಳಗಿನ ಕಾಗದದ ಮೇಲೆ ಬರೆದ ಉತ್ತರವೇ ಯುಟಿಎಫ್-8. ಇಂಗ್ಲಿಷಿಗೆ ಮೊದಲಿನ ಹಾಗೇ ಒಂದು ಬೈಟ್, ಭಾರತದ ಲಿಪಿಗಳಿಗೆ ಮೂರು. ಮೊದಲ ಬೈಟ್ ನೋಡಿದ್ರೆ ಹಿಂದೆ ಇನ್ನೆಷ್ಟು ಇವೆ ಅಂತ ಗೊತ್ತಾಗುತ್ತೆ. ರಾಯಚೂರಿನ ವಜ್ರ ಅಂದ್ರೆ "ಯ"ಕಾರದ ಮೊದಲ ಬೈಟ್, ತನ್ನ ಇನ್ನೆರಡು ಬೈಟಿಗೆ ಕಾಯುತ್ತಾ ಒಂಟಿಯಾಗಿ ನಿಂತದ್ದು.

ಇಸ್ಕಿಯ ಕಾಲದಲ್ಲಿ ಈ ತಪ್ಪನ್ನ ಮಾಡಿದ್ರೂ ಯಾರಿಗೂ ತಿಳೀತಿರಲಿಲ್ಲ. ಅಲ್ಲಿ ರಾಯಚೂರು ಏಳು ಸಂಕೇತ, ಏಳೇ ಬೈಟ್. ಯುನಿಕೋಡ್‌ಗೆ ಮುಂಚಿನ ನಮ್ಮ ಕನ್ನಡ ಫಾಂಟುಗಳ ಕಾಲದಲ್ಲೂ ತೆರೆಯ ಮೇಲಿನ ಒಂದೊಂದು ಚೂರಿಗೆ ಒಂದೊಂದು ಬೈಟ್. ಅಕ್ಷರ ಎಣಿಸೋದೂ ಬೈಟ್ ಎಣಿಸೋದೂ ಒಂದೇ ಅನ್ನೋ ಅಭ್ಯಾಸ ನಮ್ಮ ಕೈಗೆ ಹಾಗೆ ಅಂಟಿತು.

ನನ್ನ ಕೋಡಿನ ಕತೆ ಇನ್ನೂ ವಿಚಿತ್ರ. ಲ್ಯಾಬಿನಲ್ಲಿ ಬರೆದದ್ದು ಪೈಥಾನ್ 2ರಲ್ಲಿ. ಅಲ್ಲಿ ಸಾಮಾನ್ಯ ಸ್ಟ್ರಿಂಗ್ ಅಂದ್ರೆ ಬೈಟುಗಳೇ. ರಾಯಚೂರಿನ ಉದ್ದ ಕೇಳಿದ್ರೆ 21 ಅಂತಲೇ ಹೇಳ್ತಿತ್ತು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3 ಅಕ್ಷರ ಬೇರೆ, ಬೈಟ್ ಬೇರೆ ಅಂತ ಗೋಡೆ ಕಟ್ಟಿತು. ಆಟಕ್ಕಾಗಿ ಹಳೇ ಕೋಡನ್ನ 3ಕ್ಕೆ ತಂದಾಗ "ಬೈಟ್ ಕೊಡು, ಸ್ಟ್ರಿಂಗ್ ಬೇಡ" ಅಂತ ಅದು ಬೈಯಿತು. ನಾನು ಕಳಿಸುವ ಸಾಲಿನಲ್ಲಿ ಒಂದು ಎನ್‌ಕೋಡ್ ಸೇರಿಸಿ ಬಾಯಿ ಮುಚ್ಚಿಸಿದೆ. ಅದಕ್ಕೂ ನಾಲ್ಕು ಸಾಲು ಮೇಲೆ ಉದ್ದ ಎಣಿಸುತ್ತಿದ್ದ ಜಾಗವನ್ನ ನೋಡಲೇ ಇಲ್ಲ. ಮೊದಲು ಎಣಿಸಿ ಆಮೇಲೆ ಬೈಟ್ ಮಾಡ್ತಿದ್ದೆ. ಮೊದಲು ಬೈಟ್ ಮಾಡಿ ಆಮೇಲೆ ಎಣಿಸಬೇಕಿತ್ತು. ರಿಪೇರಿ ಅಷ್ಟೇ, ಎರಡು ಸಾಲು ಅದಲು ಬದಲು.

ಹೊಸ ಊರು ಸೇರಿಸುವ ಕಡೆ ಇದೇ ರೋಗ ಉಲ್ಟಾ ಕೂತಿತ್ತು. ಕ್ಲೈಂಟ್ ಸರಿಯಾಗಿ 21 ಬೈಟ್ ಅಂತ ಹೇಳಿ 21 ಕಳಿಸಿದ್ರೆ, ನನ್ನ ಸರ್ವರ್ ಅದನ್ನ ಅಕ್ಷರ ಮಾಡಿಕೊಂಡು ಏಳು ಎಣಿಸಿ, ಇನ್ನೂ ಹದಿನಾಲ್ಕು ಬರಬೇಕು ಅಂತ ಕಾಯ್ತಾ ಕೂರ್ತಿತ್ತು. ಒಂದೇ ತಪ್ಪು, ಕಳಿಸುವಾಗ ಆದ್ರೆ ಕತ್ತರಿ, ಪಡೆಯುವಾಗ ಆದ್ರೆ ಕೊನೆಯಿಲ್ಲದ ಕಾಯುವಿಕೆ. ಇಂಗ್ಲಿಷಿನಲ್ಲಿ ಎರಡೂ ಕಾಣೋದಿಲ್ಲ. ನನ್ನ ಮೊದಲ ಕೆಲಸದ ಆ ಟಿಕೆಟ್ ಜಾವಾ ಪ್ರೋಗ್ರಾಮಿನದು. ಆ ಕೋಡ್ ಈಗ ನನ್ನ ಹತ್ತಿರ ಇಲ್ಲ, ಆದ್ರೆ ಅಲ್ಲೊಂದು ಕಡೆ ಉದ್ದ ಕೇಳುವ ಸಾಲು ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅದನ್ನ ನೋಡಿ ಮುಂದೆ ಹೋಗಿದ್ದೆ.

ತಿದ್ದಿದಮೇಲೆ ಸರ್ವರ್ ನಿಲ್ಲಿಸಿ ಮತ್ತೆ ಎಬ್ಬಿಸಿದೆ. "ವಿಳಾಸ ಈಗಾಗಲೇ ಬಳಕೆಯಲ್ಲಿದೆ" ಅಂತ ಎರರ್. ನಿಮಗೂ ಇದು ಪರಿಚಯ ಇರುತ್ತೆ. ಮೊದಲು ಮುಚ್ಚಿದ ಕಡೆಯವರು ಸ್ವಲ್ಪ ಹೊತ್ತು ಟೈಮ್-ವೇಟ್‌ನಲ್ಲಿ ಇರಬೇಕು, ಲಿನಕ್ಸ್‌ನಲ್ಲಿ 60 ಸೆಕೆಂಡು. ಹಿಂದಿನ ಸಂಪರ್ಕದ ಯಾವುದೋ ಪ್ಯಾಕೆಟ್ ದಾರಿ ತಪ್ಪಿ ತಡವಾಗಿ ಬಂದು ಹೊಸ ಸಂಪರ್ಕದ ಸರಕಿನಲ್ಲಿ ಬೆರೆಯಬಾರದು ಅಂತ. ಸರ್ವರ್ ತೆರೆಯುವಾಗ ಮರುಬಳಕೆಯ ಆಯ್ಕೆ ಕೊಟ್ಟರೆ ಕಾಯೋದು ತಪ್ಪುತ್ತೆ. ನಾನು ಅವತ್ತು ಕೊಡಲಿಲ್ಲ, ಒಂದು ನಿಮಿಷ ಕಾದೆ. ಪಕ್ಕದ ಕೋಣೆಯಿಂದ ಮಾಮ ಕೇಳಿದ್ರು, "ಬಂತೇನಪಾ ಹಿಂದಿನ ಡಬ್ಬಿ?"

"ಬಂತು ಮಾಮಾ. ಎಣಿಸೋದ್ರಾಗ ತಪ್ಪಾಗಿತ್ತು."

"ನಾವು ಎಣಿಸ್ತಿದ್ದಿಲ್ಲೋ. ಬೋರ್ಡು ನೋಡ್ತಿದ್ವಿ," ಅಂದು ದೀಪ ಆರಿಸಿದ್ರು.

ಮುಂದಿನ ಭಾನುವಾರ ಎಲ್ಲ ಊರೂ ಪೂರ್ತಿ ಬಂದವು. ಮಂಡ್ಯ, ಶಿರಸಿ, ಹುಬ್ಬಳ್ಳಿ, ಬೀದರ್. ಇಂಗ್ಲಿಷಲ್ಲಿ ಹಾಕಿಬಿಡಿ ಅಂದಿದ್ದ ಆ ತಂದೆ ತಮ್ಮ ಊರು ಬಂದಾಗ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಕಾರವಾರದ ಹುಡುಗ ಮಾತ್ರ ನನ್ನ ಅಂಗಿ ಎಳೆದು, "ಅಂಕಲ್, ಕಾ ಅಂತಲೇ ಬರೋ ಹಾಗೆ ಮಾಡಿ, ನಂದೊಂದು ಮಾತ್ರ" ಅಂತ ಕೇಳಿದ.